ಓದುಗರ ಪ್ರಶ್ನೆಗೆ ಉತ್ತರ: ಶೇಕಡಾವಾರಿನಿಂದ ಸೂತ್ರದವರೆಗೆ

ಈ ಅಂಕಣಕ್ಕೆ ಕಳೆದ ಎರಡು ತಿಂಗಳಲ್ಲಿ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು: ಸಂಯುಕ್ತವೊಂದರಲ್ಲಿ ಯಾವ ಧಾತು ಶೇಕಡಾ ಎಷ್ಟಿದೆ ಎಂದು ತಿಳಿದರೆ ಅದರ ಸೂತ್ರವನ್ನು ಕಂಡುಹಿಡಿಯುವುದು ಹೇಗೆ? ಬರೆದವರಲ್ಲಿ ಪಿಯುಸಿ ವಿದ್ಯಾರ್ಥಿಗಳೇ ಹೆಚ್ಚು. ಗಣಿಯ ಊರಿನವರು, ಕಾಫಿ ತೋಟದವರು ಮತ್ತು ನಿವೃತ್ತ ಶಿಕ್ಷಕರು ಕೂಡ ಬರೆದಿರುವುದರಿಂದ ಈ ಸಲದ ಅಂಕಣವನ್ನು ಇಡಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ತರಗತಿಯಲ್ಲಿ ‘ಎಂಪಿರಿಕಲ್ ಫಾರ್ಮುಲಾ’ ಎನ್ನುವುದನ್ನು ಇಲ್ಲಿ ‘ಅನುಪಾತ ಸೂತ್ರ’ ಎಂದೂ ‘ಮಾಲಿಕ್ಯುಲರ್ ಫಾರ್ಮುಲಾ’ ಎನ್ನುವುದನ್ನು ‘ಅಣುಸೂತ್ರ’ ಎಂದೂ ಕರೆದಿದ್ದೇನೆ. ‘ಅನುಭವಜನ್ಯ ಸೂತ್ರ’ ಎಂದು ಬರೆದವರೂ ಇದ್ದಾರೆ. ಅದು ತಪ್ಪಲ್ಲ, ಆದರೆ ಆ ಪದವನ್ನು ಮೊದಲ ಸಲ ಕೇಳಿದವರಿಗೆ ಸೂತ್ರ ಏನನ್ನು ಹೇಳುತ್ತಿದೆ ಎಂಬುದು ಹೊಳೆಯುವುದಿಲ್ಲ. ಇಂಗಾಲಕ್ಕೆ ಸಿ, ಜಲಜನಕಕ್ಕೆ ಎಚ್, ಆಮ್ಲಜನಕಕ್ಕೆ ಒ, ಸಾರಜನಕಕ್ಕೆ ಎನ್ ಎಂಬ ಸಂಕೇತಗಳನ್ನು ಬಳಸಿದ್ದೇನೆ.

ಪ್ರಶ್ನೆ: ಶೇಕಡಾವಾರು ಪ್ರಮಾಣ ಗೊತ್ತಾದ ಮೇಲೆ ಸೂತ್ರವೂ ಗೊತ್ತಾದ ಹಾಗೆಯೇ ಅಲ್ಲವೇ? ಅನುಪಾತ ಸೂತ್ರ, ಅಣುಸೂತ್ರ ಎಂದು ಎರಡೆರಡು ಏಕೆ ಬೇಕು?
(ಪ್ರಥಮ ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಮೇಜಿನ ಮೇಲೆ ನಾಲ್ಕು ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದಾರೆ ಎಂದುಕೊಳ್ಳಿ. ಮೊದಲನೆಯದರಲ್ಲಿ ಫಾರ್ಮಾಲ್ಡಿಹೈಡ್ ಇದೆ. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಸತ್ತ ಕಪ್ಪೆಯನ್ನು ಕೆಡದಂತೆ ಇಡುವ, ಮೂಗಿಗೆ ಚುಚ್ಚುವ ಫಾರ್ಮಲಿನ್ ದ್ರಾವಣದಲ್ಲಿ ಇರುವುದು ಇದೇ. ಎರಡನೆಯದರಲ್ಲಿ ವಿನೆಗರಿನ ಹುಳಿಗೆ ಕಾರಣವಾದ ಅಸಿಟಿಕ್ ಆಮ್ಲ, ಮೂರನೆಯದರಲ್ಲಿ ಮೊಸರನ್ನು ಹುಳಿ ಮಾಡುವ ಲ್ಯಾಕ್ಟಿಕ್ ಆಮ್ಲ, ನಾಲ್ಕನೆಯದರಲ್ಲಿ ದ್ರಾಕ್ಷಿ ಸಕ್ಕರೆ ಎಂದು ಕರೆಯುವ ಗ್ಲೂಕೋಸ್. ಈ ನಾಲ್ಕನ್ನೂ ಶುದ್ಧ ರೂಪದಲ್ಲಿ ವಿಶ್ಲೇಷಣೆಗೆ ಕಳಿಸಿದರೆ ನಾಲ್ಕಕ್ಕೂ ಒಂದೇ ವರದಿ ಬರುತ್ತದೆ: ಇಂಗಾಲ ಶೇ. 40.0, ಜಲಜನಕ ಶೇ. 6.7, ಆಮ್ಲಜನಕ ಶೇ. 53.3. ವರದಿಯನ್ನು ಮಾತ್ರ ನೋಡಿದವರಿಗೆ ಹೆಣವನ್ನು ಕಾಪಾಡುವ ವಿಷ ಯಾವುದು, ಊಟಕ್ಕೆ ಹಾಕಿಕೊಳ್ಳುವ ಮೊಸರಿನ ಹುಳಿ ಯಾವುದು ಎಂದು ಹೇಳಲಾಗುವುದಿಲ್ಲ.

ಕಾರಣ ಸರಳವಾಗಿದೆ. ಶೇಕಡಾವಾರು ಎನ್ನುವುದು ಪಾಲು ಮಾತ್ರ. ಒಂದು ಇಂಗಾಲಕ್ಕೆ ಎರಡು ಜಲಜನಕ, ಒಂದು ಆಮ್ಲಜನಕ ಎಂಬ ಪಾಲು ಈ ನಾಲ್ಕರಲ್ಲೂ ಒಂದೇ ಆದದ್ದರಿಂದ ನಾಲ್ಕರ ಅನುಪಾತ ಸೂತ್ರವೂ ಸಿಎಚ್₂ಒ ಆಗುತ್ತದೆ. ಆ ಗುಂಪು ಅಣುವಿನಲ್ಲಿ ಎಷ್ಟು ಸಲ ಬಂದಿದೆ ಎಂಬುದನ್ನು ಪಾಲು ಹೇಳುವುದಿಲ್ಲ. ಫಾರ್ಮಾಲ್ಡಿಹೈಡಿನಲ್ಲಿ ಅದು ಒಂದೇ ಸಲ ಬಂದಿದೆ, ಅಸಿಟಿಕ್ ಆಮ್ಲದಲ್ಲಿ ಎರಡು ಸಲ (ಸಿ₂ಎಚ್₄ಒ₂), ಲ್ಯಾಕ್ಟಿಕ್ ಆಮ್ಲದಲ್ಲಿ ಮೂರು ಸಲ (ಸಿ₃ಎಚ್₆ಒ₃), ಗ್ಲೂಕೋಸಿನಲ್ಲಿ ಆರು ಸಲ (ಸಿ₆ಎಚ್₁₂ಒ₆). ಎಷ್ಟು ಸಲ ಎಂದು ತಿಳಿಯಬೇಕಾದರೆ ಅಣುವಿನ ತೂಕ ಬೇಕು. ಅದನ್ನು ಬೇರೆಯೇ ಪ್ರಯೋಗದಿಂದ ಪಡೆಯಬೇಕು.

ಅಂಥ ಒಂದು ಪ್ರಯೋಗ ನಿಮ್ಮ ಪಠ್ಯದಲ್ಲೇ ಮುಂದೆ ಬರುತ್ತದೆ. ನೀರಿನಲ್ಲಿ ಏನನ್ನಾದರೂ ಕರಗಿಸಿದರೆ ಅದು ಸೊನ್ನೆ ಡಿಗ್ರಿಗಿಂತ ಸ್ವಲ್ಪ ಕೆಳಗೆ ಹೆಪ್ಪುಗಟ್ಟುತ್ತದೆ, ಮತ್ತು ಈ ಇಳಿತ ಕರಗಿದ ಕಣಗಳ ಸಂಖ್ಯೆಯನ್ನು ಅವಲಂಬಿಸಿರುತ್ತದೆಯೇ ಹೊರತು ಅವು ಯಾವ ಜಾತಿಯವು ಎಂಬುದನ್ನಲ್ಲ. ಒಂದು ಕಿಲೊ ನೀರಿಗೆ ಒಂದು ಮೋಲ್ (ಅಣುತೂಕದಷ್ಟು ಗ್ರಾಂ ವಸ್ತುವಿನಲ್ಲಿರುವಷ್ಟು) ಕಣಗಳು ಸೇರಿದರೆ ಇಳಿತ 1.86 ಡಿಗ್ರಿ. ನೂರು ಗ್ರಾಂ ನೀರಿಗೆ 9 ಗ್ರಾಂ ಗ್ಲೂಕೋಸ್ ಹಾಕಿದಾಗ ಇಳಿತ 0.93 ಡಿಗ್ರಿ ಬರುತ್ತದೆ. ಅಂದರೆ ಕಿಲೊ ನೀರಿಗೆ ಅರ್ಧ ಮೋಲ್. ಕಿಲೊ ಲೆಕ್ಕದಲ್ಲಿ ನಾವು ಹಾಕಿದ್ದು 90 ಗ್ರಾಂ. ಅರ್ಧ ಮೋಲಿಗೆ 90 ಗ್ರಾಂ ಆದರೆ ಒಂದು ಮೋಲಿಗೆ 180. ಸಿಎಚ್₂ಒ ಗುಂಪಿನ ತೂಕ 30. ನೂರ ಎಂಬತ್ತನ್ನು ಮೂವತ್ತರಿಂದ ಭಾಗಿಸಿದರೆ ಸಿಗುವ ಆರು, ಅಣುಸೂತ್ರದ ಒಳಗೆ ಅಡಗಿದ್ದ ಗುಣಕ.

ಪ್ರಶ್ನೆ: ನಮ್ಮದು ಕಾಫಿ ತೋಟ. ಮಗಳ ಪುಸ್ತಕದಲ್ಲಿ ಕೆಫೀನಿನ ಸೂತ್ರ ನೋಡಿದೆ. ಶೇಕಡಾವಾರಿನಿಂದ ಆ ಸೂತ್ರ ಬರುವ ಲೆಕ್ಕವನ್ನು ಒಮ್ಮೆ ಪೂರ್ತಿ ಮಾಡಿ ತೋರಿಸುವಿರಾ?
(ಬೆಳೆಗಾರರು, ಮೂಡಿಗೆರೆ)

ಉತ್ತರ: ಖಂಡಿತ. ಜರ್ಮನಿಯ ರುಂಗೆ ಎಂಬ ರಸಾಯನಜ್ಞ 1819ರಲ್ಲಿ ಕಾಫಿ ಬೀಜದಿಂದ ಬೇರ್ಪಡಿಸಿದ ಈ ಬಿಳಿ ಹರಳಿನ ವಸ್ತುವಿನಲ್ಲಿ ಇಂಗಾಲ ಶೇ. 49.48, ಜಲಜನಕ ಶೇ. 5.19, ಸಾರಜನಕ ಶೇ. 28.85, ಆಮ್ಲಜನಕ ಶೇ. 16.48 ಇದೆ. ನೂರು ಗ್ರಾಂ ಕೆಫೀನ್ ಕೈಯಲ್ಲಿದೆ ಎಂದುಕೊಂಡರೆ ಶೇಕಡಾವಾರುಗಳೆಲ್ಲ ಗ್ರಾಮುಗಳಾಗುತ್ತವೆ. ಪ್ರತಿಯೊಂದನ್ನೂ ಆಯಾ ಧಾತುವಿನ ಪರಮಾಣು ತೂಕದಿಂದ ಭಾಗಿಸಬೇಕು, ಏಕೆಂದರೆ ನಮಗೆ ಬೇಕಿರುವುದು ತೂಕದ ಪಾಲಲ್ಲ, ಪರಮಾಣುಗಳ ಎಣಿಕೆಯ ಪಾಲು. ಇಂಗಾಲ 49.48 ಭಾಗಿಸು 12.01, ಅಂದರೆ 4.12; ಜಲಜನಕ 5.19 ಭಾಗಿಸು 1.008, ಅಂದರೆ 5.15, ಸಾರಜನಕ 28.85 ಭಾಗಿಸು 14.01, ಅಂದರೆ 2.06, ಆಮ್ಲಜನಕ 16.48 ಭಾಗಿಸು 16.00, ಅಂದರೆ 1.03. ಇವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದಾದ 1.03ರಿಂದ ಎಲ್ಲವನ್ನೂ ಭಾಗಿಸಿದರೆ 4, 5, 2, 1 ಬರುತ್ತದೆ. ಅನುಪಾತ ಸೂತ್ರ ಸಿ₄ಎಚ್₅ಎನ್₂ಒ, ಅದರ ತೂಕ 97.1. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಕೆಫೀನಿನ ಅಣುತೂಕ 194 ಎಂದು ಸಿಗುವುದರಿಂದ ಗುಣಕ ಎರಡು, ಅಣುಸೂತ್ರ ಸಿ₈ಎಚ್₁₀ಎನ್₄ಒ₂. ಈ ಲೆಕ್ಕ ಹೀಗೆ ಅಚ್ಚುಕಟ್ಟಾಗಿ ಬಂದದ್ದು ಸಂಖ್ಯೆಗಳು ಒಳ್ಳೆಯವಾಗಿದ್ದುದರಿಂದ. ಮುಂದಿನ ಪತ್ರ ನೋಡಿ.

ಪ್ರಶ್ನೆ: ವಿಟಮಿನ್ ಸಿ ಲೆಕ್ಕದಲ್ಲಿ ಇಂಗಾಲ ಶೇ. 40.92, ಜಲಜನಕ ಶೇ. 4.58, ಆಮ್ಲಜನಕ ಶೇ. 54.50 ಎಂದು ಕೊಟ್ಟಿದ್ದರು. ನನಗೆ ಸಿಎಚ್ಒ ಬಂತು. ಉತ್ತರ ಸಿ₃ಎಚ್₄ಒ₃ ಅಂತೆ. ನಾನು ಎಲ್ಲಿ ತಪ್ಪಿದೆ?
(ದ್ವಿತೀಯ ಪಿಯುಸಿ ವಿದ್ಯಾರ್ಥಿ, ಉಡುಪಿ)

ಉತ್ತರ: ನೀವು ಕಳಿಸಿದ ಹಾಳೆಯನ್ನು ನೋಡಿದೆ. ಭಾಗಾಕಾರವೆಲ್ಲ ಸರಿಯಾಗಿದೆ: 3.407, 4.544, 3.406. ಚಿಕ್ಕದರಿಂದ ಭಾಗಿಸಿ 1.00, 1.33, 1.00 ಎಂದು ಬರೆದಿದ್ದೀರಿ, ಅದೂ ಸರಿ. ಅದರ ಮುಂದಿನ ಸಾಲಿನಲ್ಲಿ 1.33ನ್ನು ಹೊಡೆದು ಹಾಕಿ 1 ಎಂದು ಬರೆದಿದ್ದೀರಿ. ಲೆಕ್ಕ ಕೆಟ್ಟದ್ದು ಅಲ್ಲಿ. ಅಂಗಡಿಯಲ್ಲಿ 33 ಪೈಸೆಯನ್ನು ಬಿಟ್ಟುಬಿಡುವ ಹಾಗೆ ಇಲ್ಲಿ ಬಿಡುವಂತಿಲ್ಲ, ಏಕೆಂದರೆ 1.33 ಎನ್ನುವುದು ಒಂದರ ಹತ್ತಿರದ ಸಂಖ್ಯೆಯಲ್ಲ. ಅದು ಮೂರನೇ ನಾಲ್ಕು (4/3). ಮೂರರಿಂದ ಗುಣಿಸಿದರೆ 3, 4, 3.

ಹಾಗಾದರೆ ಯಾವುದನ್ನು ಪೂರ್ಣಾಂಕಕ್ಕೆ ಇಳಿಸಬಹುದು, ಯಾವುದನ್ನು ಇಳಿಸಬಾರದು? 1.02 ಬಂದರೆ 1 ಎನ್ನಬಹುದು, 2.97 ಬಂದರೆ 3 ಎನ್ನಬಹುದು, ಅಷ್ಟು ವ್ಯತ್ಯಾಸ ಅಳತೆಯ ದೋಷದಿಂದ ಬರುವಂಥದ್ದು. 0.25, 0.33, 0.5, 0.67, 0.75ರ ಆಸುಪಾಸಿನಲ್ಲಿ ಕೊನೆಯಾಗುವ ಸಂಖ್ಯೆ ಕಂಡರೆ ಕೈ ತಡೆದು, ಯಾವ ಚಿಕ್ಕ ಸಂಖ್ಯೆಯಿಂದ ಗುಣಿಸಿದರೆ ಎಲ್ಲವೂ ಒಟ್ಟಿಗೆ ಪೂರ್ಣಾಂಕವಾಗುತ್ತವೆ ಎಂದು ಹುಡುಕಬೇಕು. ಅನುಮಾನ ಉಳಿದರೆ ಇದಕ್ಕಿಂತ ನಂಬಬಹುದಾದ ಒಂದು ದಾರಿ ಇದೆ, ಪಾಠದಲ್ಲಿ ಏಕೋ ಅದಕ್ಕೆ ಹೆಚ್ಚು ಒತ್ತು ಕೊಡುವುದಿಲ್ಲ: ಬಂದ ಸೂತ್ರದಿಂದ ಹಿಂದಕ್ಕೆ ಲೆಕ್ಕ ಹಾಕುವುದು. ಸಿಎಚ್ಒ ನಿಜವಾಗಿದ್ದರೆ ಇಂಗಾಲ ಶೇ. 41.39, ಜಲಜನಕ ಶೇ. 3.47 ಇರಬೇಕಿತ್ತು. ನಿಮಗೆ ಕೊಟ್ಟಿದ್ದು 40.92 ಮತ್ತು 4.58. ವಿಶ್ಲೇಷಣೆಯ ಫಲಿತಾಂಶ ಲೆಕ್ಕದ ಸಂಖ್ಯೆಯಿಂದ ಶೇ. 0.4ರಷ್ಟು ಆಚೀಚೆ ಇದ್ದರೆ ಒಪ್ಪುವುದು ರಸಾಯನ ಪತ್ರಿಕೆಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ, ಜಲಜನಕದಲ್ಲಿ ಶೇ. 1.1ರ ಅಂತರವನ್ನು ಯಾರೂ ಒಪ್ಪುವುದಿಲ್ಲ. ವಿಟಮಿನ್ ಸಿಯ ಅಣುತೂಕ 176, ಅನುಪಾತ ಸೂತ್ರದ ತೂಕ 88. ಆದ್ದರಿಂದ ಅಣುಸೂತ್ರ ಸಿ₆ಎಚ್₈ಒ₆.

ಇನ್ನೂ ಸ್ವಲ್ಪ ತೊಡಕಿನ ಒಂದನ್ನು ನಿಮ್ಮ ಅಭ್ಯಾಸಕ್ಕೆ ಕೊಡುತ್ತೇನೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್‌ನಲ್ಲಿ ಇಂಗಾಲ ಶೇ. 68.47, ಜಲಜನಕ ಶೇ. 5.47, ಆಮ್ಲಜನಕ ಶೇ. 26.06. ಭಾಗಿಸುತ್ತ ಹೋದರೆ 3.50, 3.33, 1 ಎಂದು ಬರುತ್ತದೆ. ಎರಡರಿಂದ ಗುಣಿಸಿದರೆ ಇಂಗಾಲ ಸರಿಹೋಗುತ್ತದೆ, ಜಲಜನಕ 6.67ರಲ್ಲಿ ನಿಲ್ಲುತ್ತದೆ, ಮೂರರಿಂದ ಗುಣಿಸಿದರೆ ಜಲಜನಕ ಸರಿಹೋಗಿ ಇಂಗಾಲ 10.5ಕ್ಕೆ ಸಿಕ್ಕಿಬೀಳುತ್ತದೆ. ಆರರಿಂದ ಗುಣಿಸಿದಾಗ ಮಾತ್ರ 21, 20, 6 ಎಂದು ಎಲ್ಲವೂ ಒಟ್ಟಿಗೆ ನೆಲೆಗೊಳ್ಳುತ್ತವೆ. ಕರ್ಕ್ಯುಮಿನ್‌ನ ಅಣುತೂಕ 368. ಸಿ₂₁ಎಚ್₂₀ಒ₆ರ ತೂಕವೂ ಅಷ್ಟೇ ಆಗಿರುವುದರಿಂದ ಇಲ್ಲಿ ಗುಣಕ ಒಂದು, ಅನುಪಾತ ಸೂತ್ರವೇ ಅಣುಸೂತ್ರ.

ಅಣು ದೊಡ್ಡದಾಗುತ್ತ ಹೋದ ಹಾಗೆ ಈ ವಿಧಾನ ದಣಿಯುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಕೊಲೆಸ್ಟೆರಾಲಿನ ಸೂತ್ರ ಸಿ₂₇ಎಚ್₄₆ಒ. ಅದರಲ್ಲಿ ಇಂಗಾಲ ಶೇ. 83.87. ಒಂದು ಇಂಗಾಲ, ಎರಡು ಜಲಜನಕ ಕಡಿಮೆ ಇರುವ ಸಿ₂₆ಎಚ್₄₄ಒ ಎಂಬುದನ್ನು ಬರೆದು ಲೆಕ್ಕ ಹಾಕಿದರೆ ಇಂಗಾಲ ಶೇ. 83.80 ಬರುತ್ತದೆ. ಶೇ. 0.07ರ ಈ ವ್ಯತ್ಯಾಸವನ್ನು ಶೇ. 0.4ರ ದೋಷವಿರುವ ಅಳತೆಯಿಂದ ಹಿಡಿಯಲು ಸಾಧ್ಯವೇ ಇಲ್ಲ. ಅಲ್ಲಿ ಅಣುತೂಕವನ್ನು ಬಹಳ ನಿಖರವಾಗಿ ಅಳೆಯುವುದೊಂದೇ ದಾರಿ.

ಪ್ರಶ್ನೆ: ಇಂಗಾಲ, ಜಲಜನಕಗಳನ್ನು ಸುಟ್ಟು ಅಳೆಯುತ್ತಾರೆ ಎಂದು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಆದರೆ ಆಮ್ಲಜನಕವನ್ನು ಹೇಗೆ ಅಳೆಯುತ್ತಾರೆ ಎಂದು ಮೊಮ್ಮಗ ಕೇಳಿದಾಗ ಸರಿಯಾದ ಉತ್ತರ ಕೊಡಲಾಗಲಿಲ್ಲ.
(ನಿವೃತ್ತ ಶಿಕ್ಷಕರು, ಧಾರವಾಡ)

ಉತ್ತರ: ಮೊಮ್ಮಗನ ಪ್ರಶ್ನೆ ಒಳ್ಳೆಯ ಪ್ರಶ್ನೆ. ಸಾಮಾನ್ಯ ದಹನ ವಿಶ್ಲೇಷಣೆಯಲ್ಲಿ ಆಮ್ಲಜನಕವನ್ನು ಅಳೆಯುವುದೇ ಇಲ್ಲ. ಜರ್ಮನಿಯ ಗೀಸನ್ನಿನಲ್ಲಿದ್ದ ಲೀಬಿಗ್ 1831ರಲ್ಲಿ ರೂಪಿಸಿದ ಉಪಕರಣವನ್ನು ನೆನಪಿಸಿಕೊಳ್ಳಿ. ತೂಗಿದ ವಸ್ತುವನ್ನು ಗಾಜಿನ ಕೊಳವೆಯಲ್ಲಿ ತಾಮ್ರದ ಆಕ್ಸೈಡಿನ ಜೊತೆ ಕಾಯಿಸಿ ಪೂರ್ತಿ ಸುಡುತ್ತಾರೆ. ಹೊರಬರುವ ಅನಿಲ ಮೊದಲು ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಕೊಳವೆಯ ಮೂಲಕ ಹಾಯುತ್ತದೆ. ನೀರಿನ ಆವಿ ಅಲ್ಲಿ ಉಳಿಯುತ್ತದೆ. ಆಮೇಲೆ ಅದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣವಿರುವ, ಐದು ಗಾಜಿನ ಬುರುಡೆಗಳನ್ನು ತ್ರಿಕೋನವಾಗಿ ಜೋಡಿಸಿದ ಪಾತ್ರೆಯೊಳಗೆ ಗುಳುಗುಳು ಎನ್ನುತ್ತ ಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಅಲ್ಲಿ ಉಳಿಯುತ್ತದೆ. ಈ ಕ್ರಮವನ್ನು ಅದಲುಬದಲು ಮಾಡುವಂತಿಲ್ಲ, ಏಕೆಂದರೆ ಆ ದ್ರಾವಣ ನೀರಿನ ಆವಿಯನ್ನೂ ನುಂಗಿಬಿಡುತ್ತದೆ. ಎರಡು ಪಾತ್ರೆಗಳನ್ನೂ ಮೊದಲು ಮತ್ತು ಆಮೇಲೆ ತೂಗಿದರೆ ಲೆಕ್ಕಕ್ಕೆ ಬೇಕಾದದ್ದು ಸಿಗುತ್ತದೆ. ಅಮೆರಿಕದ ರಸಾಯನ ಸಂಘದ ಲಾಂಛನದಲ್ಲಿ ಇಂದಿಗೂ ಇರುವುದು ಆ ಐದು ಬುರುಡೆಗಳ ಪಾತ್ರೆಯೇ.

ಹಿಂದಿನ ಉತ್ತರದ ವಿಟಮಿನ್ ಸಿಯನ್ನೇ ತೆಗೆದುಕೊಳ್ಳೋಣ. 0.2000 ಗ್ರಾಂ ಸುಟ್ಟರೆ 0.2999 ಗ್ರಾಂ ಇಂಗಾಲದ ಡೈಆಕ್ಸೈಡ್ ಮತ್ತು 0.0818 ಗ್ರಾಂ ನೀರು ಸಿಗುತ್ತದೆ. ಇಂಗಾಲದ ಡೈಆಕ್ಸೈಡಿನ 44.01 ಪಾಲಿನಲ್ಲಿ 12.01 ಪಾಲು ಇಂಗಾಲ, ಆದ್ದರಿಂದ ಇಂಗಾಲ 0.0818 ಗ್ರಾಂ, ನೀರಿನ 18.02 ಪಾಲಿನಲ್ಲಿ 2.016 ಪಾಲು ಜಲಜನಕ, ಆದ್ದರಿಂದ ಜಲಜನಕ 0.0092 ಗ್ರಾಂ. ನೀರಿನ ತೂಕವೂ ಇಂಗಾಲದ ತೂಕವೂ ಇಲ್ಲಿ ಒಂದೇ ಆಗಿರುವುದು ಕೇವಲ ಕಾಕತಾಳೀಯ, ಅದರಿಂದ ಗೊಂದಲಗೊಳ್ಳಬೇಡಿ. ಎರಡೂ ಸೇರಿ 0.0910. ಮಿಕ್ಕ 0.1090 ಗ್ರಾಂ ಆಮ್ಲಜನಕ ಎಂದು ಕಳೆದು ಬರೆಯುತ್ತಾರೆ. ಹೊರಬಂದ ಅನಿಲಗಳಲ್ಲಿರುವ ಆಮ್ಲಜನಕವನ್ನೇ ಏಕೆ ಎಣಿಸಬಾರದು ಎಂದರೆ, ಅದರಲ್ಲಿ ವಸ್ತುವಿನದೆಷ್ಟು, ಸುಡಲು ನಾವು ಒದಗಿಸಿದ್ದೆಷ್ಟು ಎಂದು ಬೇರ್ಪಡಿಸಲಾಗುವುದಿಲ್ಲ.

ಹೀಗೆ ಕಳೆದು ಪಡೆದ ಸಂಖ್ಯೆಯಲ್ಲಿ ಎರಡು ಅಪಾಯಗಳಿವೆ. ಉಳಿದ ಅಳತೆಗಳ ತಪ್ಪುಗಳೆಲ್ಲ ಬಂದು ಇದರ ತಲೆಯ ಮೇಲೆ ಕೂರುತ್ತವೆ. ಎರಡನೆಯದು, ವಸ್ತುವಿನಲ್ಲಿ ಸಾರಜನಕವೋ ಕ್ಲೋರಿನ್ನೋ ಗಂಧಕವೋ ಇದ್ದು ಅದನ್ನು ಬೇರೆಯಾಗಿ ಅಳೆಯದಿದ್ದರೆ ಅದೂ ಆಮ್ಲಜನಕದ ಹೆಸರಿನಲ್ಲಿ ಲೆಕ್ಕಕ್ಕೆ ಸೇರಿಹೋಗುತ್ತದೆ. ಆಸ್ಟ್ರಿಯಾದ ಫ್ರಿಟ್ಜ್ ಪ್ರೆಗ್ಲ್ ಈ ಇಡೀ ವಿಶ್ಲೇಷಣೆಯನ್ನು ಕೆಲವೇ ಮಿಲಿಗ್ರಾಂ ವಸ್ತುವಿನಲ್ಲಿ ಮಾಡುವಂತೆ ಸೂಕ್ಷ್ಮಗೊಳಿಸಿ 1923ರಲ್ಲಿ ನೊಬೆಲ್ ಪಡೆದರು. ಆದರೂ ಆಮ್ಲಜನಕವನ್ನು ಕಳೆದು ಬರೆಯುವ ರೂಢಿ ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

ಪ್ರಶ್ನೆ: ನಮ್ಮ ಕಡೆಯ ಅದಿರಿನಲ್ಲಿ ಶೇ. 63 ಕಬ್ಬಿಣ ಎಂದು ಕೇಳಿ ನಾನೇ ಸೂತ್ರ ಕಂಡುಹಿಡಿಯಲು ಕುಳಿತೆ. ಒಂದು ಕಬ್ಬಿಣಕ್ಕೆ ಎರಡು ಆಮ್ಲಜನಕ ಎಂದು ಬಂತು. ಪುಸ್ತಕದಲ್ಲಿ ಹೆಮಟೈಟ್ ಎಂದರೆ ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕ ಎಂದಿದೆ. ಯಾವುದು ಸರಿ?
(ಲಾರಿ ಮಾಲೀಕರು, ಹೊಸಪೇಟೆ)

ಉತ್ತರ: ಪುಸ್ತಕ ಸರಿ. ಆದರೆ ನಿಮ್ಮ ಗುಣಾಕಾರ, ಭಾಗಾಕಾರದಲ್ಲೂ ತಪ್ಪಿಲ್ಲ, ಮತ್ತು ಈ ತಿಂಗಳ ಪತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನಿಮ್ಮ ಪತ್ರವೇ. 63ನ್ನು 55.85ರಿಂದ ಭಾಗಿಸಿದರೆ 1.13, ಉಳಿದ 37ನ್ನು 16ರಿಂದ ಭಾಗಿಸಿದರೆ 2.31, ಇವೆರಡರ ಪ್ರಮಾಣ ಹತ್ತಿರ ಹತ್ತಿರ 1ಕ್ಕೆ 2. ಆದರೆ ಆ 37 ಪೂರ್ತಿ ಆಮ್ಲಜನಕ ಎಂದು ನಿಮಗೆ ಹೇಳಿದವರು ಯಾರು? ಗಣಿಯಿಂದ ತೆಗೆದ ಅದಿರು ಒಂದೇ ಸಂಯುಕ್ತವಲ್ಲ. ಅದರಲ್ಲಿ ಹೆಮಟೈಟಿನ ಜೊತೆ ಮರಳಿನ ಸಿಲಿಕಾ, ಜೇಡಿಮಣ್ಣಿನ ಅಲ್ಯೂಮಿನಾ, ಒಂದಿಷ್ಟು ನೀರು ಎಲ್ಲವೂ ಸೇರಿರುತ್ತವೆ. ಹೆಮಟೈಟ್ ಪೂರ್ತಿ ಶುದ್ಧವಾಗಿದ್ದರೆ ಕಬ್ಬಿಣ ಶೇ. 69.94, ಆಮ್ಲಜನಕ ಶೇ. 30.06 ಇರುತ್ತದೆ, ಭಾಗಿಸಿದರೆ 1.252 ಮತ್ತು 1.879, ಅಂದರೆ 1ಕ್ಕೆ 1.5, ಅಂದರೆ 2ಕ್ಕೆ 3. ನಿಮ್ಮ ಅದಿರಿನ 63 ಪಾಲು ಕಬ್ಬಿಣವೆಲ್ಲ ಹೆಮಟೈಟಿನದೇ ಆಗಿದ್ದರೆ ಅದರ ಜೊತೆಗಿರುವ ಆಮ್ಲಜನಕ 27 ಪಾಲು. ಒಟ್ಟು 90. ಮಿಕ್ಕ ಹತ್ತು ಪಾಲು ಕಲ್ಲುಮಣ್ಣು. ಆ ಹತ್ತನ್ನೂ ನೀವು ಕಬ್ಬಿಣದ ಕುತ್ತಿಗೆಗೆ ಆಮ್ಲಜನಕವೆಂದು ಕಟ್ಟಿದಿರಿ. ಅಂಥ ಸೂತ್ರದ ಅದಿರು ಬಳ್ಳಾರಿಯ ಗುಡ್ಡಗಳಲ್ಲಿ ಇಲ್ಲ.

ಸೂತ್ರ ಎಂಬುದು ಒಂದು ಶುದ್ಧ ಸಂಯುಕ್ತಕ್ಕೆ ಇರುವಂಥದ್ದು, ಮಿಶ್ರಣಕ್ಕೆ ಇರುವಂಥದ್ದಲ್ಲ. ಮೇಲೆ ಧಾರವಾಡದವರಿಗೆ ಬರೆದ ಉತ್ತರದಲ್ಲಿ ಹೇಳಿದ ಅಪಾಯವೇ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿದೆ. ಜೊತೆಗೆ ಇನ್ನೊಂದು ಮಾತು. 2005ರ ಕೊನೆಯವರೆಗೆ ಗಣಿಗಾರಿಕೆ ನಡೆದ ಕುದುರೆಮುಖದಲ್ಲಿದ್ದುದು ಮ್ಯಾಗ್ನೆಟೈಟ್ ಎಂಬ ಬೇರೆ ಖನಿಜ. ಶುದ್ಧ ಮ್ಯಾಗ್ನೆಟೈಟಿನಲ್ಲಿ ಕಬ್ಬಿಣ ಶೇ. 72.36, ಲೆಕ್ಕ ಹಾಕಿದರೆ 1ಕ್ಕೆ 1.33, ಅಂದರೆ 3ಕ್ಕೆ 4 ಎಂದು ಬರುತ್ತದೆ. ಸೂತ್ರದ ಲೆಕ್ಕದಲ್ಲಿ ಕಬ್ಬಿಣ ಹೆಚ್ಚಿದ್ದರೂ ಕುದುರೆಮುಖದ ಅದಿರು ಕೆಳದರ್ಜೆಯದು ಎನಿಸಿಕೊಂಡದ್ದು ಅದರಲ್ಲಿ ಬೆರೆತಿದ್ದ ಸಿಲಿಕಾದಿಂದ. ಅದನ್ನು ಪುಡಿಮಾಡಿ, ಶುದ್ಧಗೊಳಿಸಿಯೇ ಸಾಗಿಸಬೇಕಾಗುತ್ತಿತ್ತು.

ಪ್ರಶ್ನೆ: ಅಡುಗೆ ಉಪ್ಪಿನ ಅಣುಸೂತ್ರ ಯಾವುದು?
(ಪ್ರೌಢಶಾಲಾ ವಿದ್ಯಾರ್ಥಿನಿ, ಕುಮಟಾ)

ಉತ್ತರ: ಉಪ್ಪಿಗೆ ಅಣುಸೂತ್ರವಿಲ್ಲ. ನಿಮ್ಮ ತಾಲ್ಲೂಕಿನ ಸಾಣಿಕಟ್ಟೆಯ ಉಪ್ಪಿನಾಗರದಿಂದ ಒಂದು ಹರಳು ತಂದು ಎಷ್ಟೇ ದೊಡ್ಡದು ಮಾಡಿ ನೋಡಿದರೂ ಇದು ಒಂದು ಅಣು, ಇದು ಇನ್ನೊಂದು ಎಂದು ಗೆರೆ ಎಳೆಯಲಾಗುವುದಿಲ್ಲ. ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ. 1913ರಲ್ಲಿ ಬ್ರ್ಯಾಗ್ ತಂದೆ ಮಗ ಎಕ್ಸ್-ಕಿರಣದಿಂದ ಕಂಡುಕೊಂಡ ಜೋಡಣೆ ಇದು. ನಾವು ಬರೆಯುವ ‘ಒಂದು ಸೋಡಿಯಂ, ಒಂದು ಕ್ಲೋರಿನ್’ ಎಂಬುದು ಅನುಪಾತ ಸೂತ್ರ, 58.44 ಎಂಬುದನ್ನು ಸೂತ್ರತೂಕ ಎನ್ನುವುದೇ ಸರಿ.

ಪ್ರಶ್ನೆ: ಡಾಲ್ಟನ್ ನೀರಿನ ಸೂತ್ರವನ್ನು ಎಚ್ಒ ಎಂದುಕೊಂಡಿದ್ದ ಎಂದು ಓದಿದೆ. ತೂಕದ ಪಾಲು ಅವನಿಗೂ ಗೊತ್ತಿತ್ತಲ್ಲ, ಹೇಗೆ ತಪ್ಪಿದ?
(ಎಂಜಿನಿಯರ್, ಮೈಸೂರು)

ಉತ್ತರ: ಭಾಜಕದಲ್ಲಿ ತಪ್ಪಿದ. ಶೇಕಡಾವಾರನ್ನು ಪರಮಾಣು ತೂಕದಿಂದ ಭಾಗಿಸಿ ಎಂದು ನಾವು ಇಂದು ಸಲೀಸಾಗಿ ಹೇಳುತ್ತೇವೆ, ಏಕೆಂದರೆ ಪರಮಾಣು ತೂಕದ ಪಟ್ಟಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಸಿದ್ಧವಾಗಿದೆ. ನೀರಿನಲ್ಲಿ ತೂಕದ ಲೆಕ್ಕದಲ್ಲಿ ಒಂದು ಪಾಲು ಜಲಜನಕಕ್ಕೆ ಸುಮಾರು ಎಂಟು ಪಾಲು ಆಮ್ಲಜನಕ ಇದೆ. ಆಮ್ಲಜನಕದ ಪರಮಾಣು ತೂಕ 8 ಎಂದುಕೊಂಡರೆ ಸೂತ್ರ ಎಚ್ಒ, 16 ಎಂದುಕೊಂಡರೆ ಎಚ್₂ಒ. ಎರಡೂ ಅಳತೆಗೆ ಸಮನಾಗಿ ಹೊಂದುತ್ತವೆ. ಸೂತ್ರ ತಿಳಿಯಲು ಪರಮಾಣು ತೂಕ ಬೇಕು, ಪರಮಾಣು ತೂಕ ತಿಳಿಯಲು ಸೂತ್ರ ಬೇಕು ಎಂಬ ಈ ಸುಳಿಯಿಂದ ಹೊರಬರಲು ಡಾಲ್ಟನ್ ಒಂದು ಊಹೆಯನ್ನು ಹಿಡಿದ: ಎರಡು ಧಾತುಗಳ ಒಂದೇ ಸಂಯುಕ್ತ ಗೊತ್ತಿದ್ದರೆ ಅದರಲ್ಲಿ ಒಂದಕ್ಕೆ ಒಂದು ಪರಮಾಣು ಇದೆ ಎಂದು ತಿಳಿಯಬೇಕು. 1808ರಲ್ಲಿ ಜಲಜನಕ, ಆಮ್ಲಜನಕಗಳ ಸಂಯುಕ್ತವಾಗಿ ಗೊತ್ತಿದ್ದುದು ನೀರು ಮಾತ್ರ. ಜಲಜನಕದ ಪೆರಾಕ್ಸೈಡನ್ನು ತೆನಾರ್ ಕಂಡುಹಿಡಿದದ್ದು 1818ರಲ್ಲಿ. ಡಾಲ್ಟನ್ ನೀರಿಗೆ ಕೊಟ್ಟಿದ್ದ ಎಚ್ಒ ಇಂದು ಆ ಪೆರಾಕ್ಸೈಡಿನ ಅನುಪಾತ ಸೂತ್ರವಾಗಿ ಕುಳಿತಿದೆ.

ಸುಳಿ ಬಿಡಿಸಿದ್ದು ಅನಿಲಗಳು. ಎರಡು ಗಾತ್ರ ಜಲಜನಕ ಒಂದು ಗಾತ್ರ ಆಮ್ಲಜನಕದೊಂದಿಗೆ ಕೂಡುತ್ತದೆ ಎಂಬ ಗೇ-ಲುಸಾಕನ ಅಳತೆ 1808ರದೇ. ಸಮಾನ ಗಾತ್ರದ ಅನಿಲಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುತ್ತವೆ ಎಂದು ಅವೊಗಾಡ್ರೊ 1811ರಲ್ಲೇ ಹೇಳಿದ್ದರೂ ಅದಕ್ಕೆ ಕಿವಿಗೊಟ್ಟವರು ಕಡಿಮೆ. ಆ ಕಾಲದ ಗೊಂದಲ ಎಷ್ಟಿತ್ತೆಂದರೆ 1861ರಲ್ಲಿ ಕೆಕುಲೆ ತನ್ನ ಪಠ್ಯಪುಸ್ತಕದಲ್ಲಿ ಅಸಿಟಿಕ್ ಆಮ್ಲವೊಂದಕ್ಕೇ ಚಾಲ್ತಿಯಲ್ಲಿದ್ದ ಹತ್ತೊಂಬತ್ತು ಸೂತ್ರಗಳನ್ನು ಪಟ್ಟಿಮಾಡಿ ತೋರಿಸಿದ. ಅದಕ್ಕೆ ಒಂದು ವರ್ಷ ಮೊದಲು, 1860ರ ಸೆಪ್ಟೆಂಬರಿನಲ್ಲಿ ಕಾರ್ಲ್ಸ್‌ರೂಹೆಯಲ್ಲಿ ನಡೆದ ಸಮ್ಮೇಳನದಲ್ಲಿ ಇಟಲಿಯ ಕ್ಯಾನಿಜಾರೊನ ಕಿರುಪುಸ್ತಿಕೆಯನ್ನು ಹಂಚಲಾಯಿತು. ಅವನ ತರ್ಕ ನೋಡಿ: ಅನಿಲ ಸಾಂದ್ರತೆಯಿಂದ ಅಣುತೂಕಗಳನ್ನು ಮೊದಲು ಕಂಡುಕೊಳ್ಳಿ, ಆಮೇಲೆ ಪ್ರತಿಯೊಂದರಲ್ಲಿ ಆಮ್ಲಜನಕದ ಪಾಲು ಎಷ್ಟು ಎಂದು ಸಾಲಾಗಿ ಬರೆಯಿರಿ. ನೀರಿನ 18ರಲ್ಲಿ 16, ಇಂಗಾಲದ ಮಾನಾಕ್ಸೈಡಿನ 28ರಲ್ಲಿ 16, ಡೈಆಕ್ಸೈಡಿನ 44ರಲ್ಲಿ 32. ಎಲ್ಲಿಯೂ 8 ಇಲ್ಲ, 24 ಇಲ್ಲ. ಹದಿನಾರು ಒಡೆಯುವುದೇ ಇಲ್ಲ ಎಂದ ಮೇಲೆ ಅದೇ ಒಂದು ಪರಮಾಣುವಿನ ತೂಕ. ಆ ಸಮ್ಮೇಳನದಲ್ಲಿ ಮೆಂಡಲೀವ್ ಮತ್ತು ಲೋಥಾರ್ ಮೇಯರ್ ಇಬ್ಬರೂ ಇದ್ದರು. ಸರಿಯಾದ ಪರಮಾಣು ತೂಕಗಳಿಲ್ಲದೆ ಅವರ ಧಾತುಗಳ ಆವರ್ತ ಕೋಷ್ಟಕಗಳು ಹುಟ್ಟುತ್ತಿರಲಿಲ್ಲ.

ಪ್ರಶ್ನೆ: ಕಾಲೇಜಿನಲ್ಲಿ ಮೈಲುತುತ್ತದ (ತಾಮ್ರದ ಸಲ್ಫೇಟಿನ) ಹರಳನ್ನು ಕಾಯಿಸಿ ಅದರಲ್ಲಿ ಎಷ್ಟು ನೀರಿದೆ ಎಂದು ಕಂಡುಹಿಡಿಯುವ ಪ್ರಯೋಗ ಮಾಡಿದೆವು. 2.50 ಗ್ರಾಂ ತೂಗಿ ಕಾಯಿಸಿದೆವು, ನೀಲಿ ಹೋಗಿ ಬಿಳಿಯಾಯಿತು, ಉಳಿದದ್ದು 1.78 ಗ್ರಾಂ. ಲೆಕ್ಕ ಮಾಡಿದರೆ ನೀರು 3.6 ಬಂತು. ಐದು ಬರಬೇಕಿತ್ತು. ಕೆಲವರು ಮೂರೂವರೆ ಎಂದೂ ಕೆಲವರು ನಾಲ್ಕು ಎಂದೂ ಬರೆದು ಮುಗಿಸಿದರು.
(ದ್ವಿತೀಯ ಪಿಯುಸಿ ವಿದ್ಯಾರ್ಥಿ, ಶಿರಸಿ)

ಉತ್ತರ: ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಬೋರ್ಡೋ ದ್ರಾವಣವಾಗಿ ಹೊಡೆಯುವ ಮೈಲುತುತ್ತದ ಬಗ್ಗೆ ಶಿರಸಿಯವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ನಿಮ್ಮ ಸಂಖ್ಯೆ ತಪ್ಪು ಸಂಖ್ಯೆಯಲ್ಲ. ಅದು ಏನನ್ನೋ ಹೇಳುತ್ತಿದೆ. ತಾಮ್ರದ ಸಲ್ಫೇಟಿನ ಸೂತ್ರತೂಕ 159.6, ಐದು ನೀರು ಸೇರಿದ ಹರಳಿನದು 249.7. ಎಲ್ಲ ನೀರೂ ಹೋಗಿದ್ದರೆ 2.50 ಗ್ರಾಮಿನಲ್ಲಿ 1.60 ಗ್ರಾಂ ಉಳಿಯಬೇಕಿತ್ತು. ಐದರಲ್ಲಿ ನಾಲ್ಕು ನೀರು ಮಾತ್ರ ಹೋಗಿದ್ದರೆ ಎಷ್ಟು ಉಳಿಯಬೇಕು? ನಾಲ್ಕು ನೀರಿನ ತೂಕ 72.06, 2.50 ಗ್ರಾಮಿನ ಪಾಲಿಗೆ ಅದು 0.72 ಗ್ರಾಂ. ಉಳಿಯುವುದು 1.78 ಗ್ರಾಂ. ನಿಮ್ಮ ತಕ್ಕಡಿ ತೋರಿಸಿದ್ದು ಸರಿಯಾಗಿ ಇದನ್ನೇ.

ಈ ಹರಳಿನ ಐದು ನೀರುಗಳು ಒಂದೇ ಬಿಗಿಯಲ್ಲಿ ಕಟ್ಟಿಕೊಂಡಿಲ್ಲ. ನಾಲ್ಕು ನೀರು ನೂರು ಡಿಗ್ರಿಯನ್ನು ಸ್ವಲ್ಪ ದಾಟುವ ಹೊತ್ತಿಗೆ ಹೋಗಿಬಿಡುತ್ತವೆ. ಕೊನೆಯದು ಹೋಗಲು ಇನ್ನೂರು ಡಿಗ್ರಿಯನ್ನೂ ಮೀರಬೇಕು. ಒಂದು ನೀರು ಉಳಿದ ಪುಡಿಯೂ ಬಹುಮಟ್ಟಿಗೆ ಬಿಳಿಯಾಗಿಯೇ ಕಾಣುವುದರಿಂದ ಬಣ್ಣವನ್ನು ನಂಬಿದ ನೀವು ದೀಪ ಆರಿಸಿದ್ದೀರಿ. ಆಮೇಲೆ ಆ 1.78 ಗ್ರಾಂ ಪೂರ್ತಿ ಒಣ ಸಲ್ಫೇಟ್ ಎಂದು ತಿಳಿದು ಲೆಕ್ಕ ಹಾಕಿದಾಗ ಭಾಜ್ಯ ಕಡಿಮೆಯಾಯಿತು, ಭಾಜಕ ಹೆಚ್ಚಾಯಿತು, 0.0400 ಮೋಲ್ ನೀರಿಗೆ 0.0112 ಮೋಲ್ ಸಲ್ಫೇಟ್ ಎಂದು 3.6 ಬಂತು. ಅದನ್ನು ನಾಲ್ಕು ಎಂದು ಬರೆದವರು ಹೋದ ನೀರಿನ ಲೆಕ್ಕವನ್ನು ಆಕಸ್ಮಿಕವಾಗಿ ಸರಿಯಾಗಿ ಹೇಳಿದಂತಾಗಿದೆ, ಆದರೆ ಹರಳಿನಲ್ಲಿದ್ದ ನೀರನ್ನಲ್ಲ.

ಇನ್ನೊಮ್ಮೆ ಮಾಡುವಾಗ ಮೂಸೆಯನ್ನು ಕಾಯಿಸಿ, ತೇವ ತಾಗದಂತೆ ಮುಚ್ಚಿಡುವ ಡೆಸಿಕೇಟರ್ ಪಾತ್ರೆಯಲ್ಲಿ ಆರಿಸಿ, ತೂಗಿ. ಮತ್ತೆ ಇನ್ನೂ ಸ್ವಲ್ಪ ಜೋರಾದ ಉರಿಯಲ್ಲಿ ಕಾಯಿಸಿ, ಆರಿಸಿ, ತೂಗಿ. ಉರಿ ಹೆಚ್ಚಿಸಿದರೂ ತೂಕ ಇಳಿಯದಿದ್ದರೆ ಮಾತ್ರ ನಿಲ್ಲಿಸಿ, ಏಕೆಂದರೆ ಅದೇ ಹದವಾದ ಉರಿಯಲ್ಲಿ ಎಷ್ಟು ಸಲ ತೂಗಿದರೂ ತೂಕ 1.78ರಲ್ಲೇ ಸ್ಥಿರವಾಗಿ ನಿಂತು ನಿಮ್ಮನ್ನು ಮತ್ತೆ ಮೋಸಗೊಳಿಸಬಲ್ಲದು. ಹಾಗೆಂದು ಮೂಸೆ ಕೆಂಪಗಾಗುವ ತನಕವೂ ಕಾಯಿಸಬೇಡಿ. ಅಂಚಿನಲ್ಲಿ ಕಪ್ಪು ಕಂಡರೆ ಸಲ್ಫೇಟೇ ಒಡೆದು ತಾಮ್ರದ ಆಕ್ಸೈಡ್ ಆಗುತ್ತಿದೆ ಎಂದರ್ಥ, ಆಗ ತೂಕ 1.60ಕ್ಕಿಂತಲೂ ಕೆಳಗಿಳಿದು ನೀರು ಐದಕ್ಕಿಂತ ಹೆಚ್ಚು ಬರುತ್ತದೆ. ಶಿರಸಿಯ ಆಷಾಢದ ಗಾಳಿಯಲ್ಲಿ ಮೂಸೆಯನ್ನು ತೆರೆದಿಟ್ಟು ಆರಿಸಿದರೆ ಒಣಗಿದ ಪುಡಿ ಗಾಳಿಯ ತೇವವನ್ನು ಹೀರಿ, ತಕ್ಕಡಿಯ ಮೇಲೆ ನೋಡುತ್ತಿದ್ದಂತೆಯೇ ತೂಕ ಏರಿ, ಅಂಚಿನಿಂದ ಮತ್ತೆ ನೀಲಿಯಾಗತೊಡಗುತ್ತದೆ.